ಸೀಮೆಸುಣ್ಣದ ಡಬ್ಬಿಯೊಳಗಿನ ಚೀಟಿ

ತಿಪಟೂರು ಸೀಮೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ನಾನು ಇಂಗ್ಲಿಷ್ ಮೇಷ್ಟ್ರಾಗಿದ್ದ ಕಾಲ. ಇಸವಿ 2001. ಎಂಟನೇ ತರಗತಿಯಲ್ಲಿ 52 ಮಕ್ಕಳು. ಆಗ ಕನ್ನಡ ಮಾಧ್ಯಮದವರಿಗೆ ಇಂಗ್ಲಿಷ್ ಶುರುವಾಗುತ್ತಿದ್ದದ್ದು ಐದನೇ ತರಗತಿಯಿಂದ. ಮೂರು ವರ್ಷ ಎಬಿಸಿಡಿ, ಪದ್ಯ, ಕಾಗುಣಿತ ಎಂದು ಕಳೆದು ನಮ್ಮ ಹತ್ತಿರ ಬರುವ ಹೊತ್ತಿಗೆ ಮಕ್ಕಳಿಗೆ ಒಂದಷ್ಟು ಪದಗಳು ಗೊತ್ತಿರುತ್ತಿದ್ದವು, ವಾಕ್ಯಗಳು ಗೊತ್ತಿರುತ್ತಿರಲಿಲ್ಲ. ಅದರಲ್ಲೂ ಪ್ರಶ್ನೆ ಕೇಳಿ ಎಂದರೆ ಇಡೀ ತರಗತಿ ನೆಲ ನೋಡುತ್ತಿತ್ತು.

ಅದಕ್ಕೆಂದೇ ನಾನೊಂದು ಆಟ ತಂದಿದ್ದೆ. ತರಬೇತಿಯೊಂದರಲ್ಲಿ ಕಲಿತದ್ದು. ಒಂದು ಚೀಟಿಯಲ್ಲಿ ಒಂದು ವಸ್ತುವಿನ ಹೆಸರು ಬರೆದು ಸೀಮೆಸುಣ್ಣದ ಡಬ್ಬಿಯೊಳಗೆ ಇಡುವುದು. ಮಕ್ಕಳು ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳಬೇಕು, ನಾನು ಹೌದು ಇಲ್ಲವೆಂದಷ್ಟೇ ಹೇಳುತ್ತೇನೆ. 20 ಪ್ರಶ್ನೆಯೊಳಗೆ ಕಂಡುಹಿಡಿಯಬೇಕು. ವ್ಯಾಕರಣದ ಅಭ್ಯಾಸವೂ ಆಗಲಿ ಎಂದು ನಾನೇ ಒಂದು ನಿಯಮ ಸೇರಿಸಿದ್ದೆ. ಪ್ರಶ್ನೆಯ ರಚನೆ ತಪ್ಪಿದ್ದರೆ ಉತ್ತರವಿಲ್ಲ, ಸರದಿ ಎದುರು ತಂಡಕ್ಕೆ, ಜೊತೆಗೆ ಅವರಿಗೆ ಎರಡು ಅಂಕ.

ಆ ದಿನ ಚೀಟಿಯಲ್ಲಿದ್ದದ್ದು ಕೊಬ್ಬರಿ. ಮರದಲ್ಲಿ ಬೆಳೆಯುತ್ತದೆ ಎನ್ನುವವರೆಗೆ ಮಕ್ಕಳು ಬಂದರು, ಬಿಳಿ ಎಂದು ತಿಳಿದರು, ಯಾರೋ ಸಂಭ್ರಮದಿಂದ 'ಈಸ್ ಇಟ್ ಎ ಕೋಕೊನಟ್?' ಎಂದರು. ನಾನು 'ನೋ' ಎಂದೆ. ಎಲ್ಲರೂ ಅಲ್ಲಿಗೇ ನಿಂತರು. ತೆಂಗಿನಕಾಯಿ ಅಲ್ಲವೆಂದ ಮೇಲೆ ಇನ್ನೇನು? ಆಗ ಮೂರನೇ ಬೆಂಚಿನ ಒಬ್ಬ ಹುಡುಗಿ ಎದ್ದು ನಿಂತಳು. ಅಲ್ಲಿಯವರೆಗೆ ಅವಳ ದನಿ ನಾನು ಹೆಚ್ಚು ಕೇಳಿದವನಲ್ಲ. 'ಇಟ್ ಈಸ್ ಕೀಪಿಂಗ್ ಅಟ್ಟ, ಸಾರ್?' ಎಂದಳು.

ನಮ್ಮ ಕಡೆಯವರಿಗೆ ವಿವರಿಸಬೇಕಿಲ್ಲ. ಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ಹತ್ತು ಹನ್ನೆರಡು ತಿಂಗಳು ಬಿಟ್ಟರೆ ಒಳಗಿನ ನೀರು ಇಂಗಿ ಉಂಡೆ ಕೊಬ್ಬರಿಯಾಗುತ್ತದೆ. ಕಾಯಿಗೂ ಕೊಬ್ಬರಿಗೂ ಇರುವ ವ್ಯತ್ಯಾಸ ಆ ಅಟ್ಟವೇ. ಇಡೀ ತರಗತಿ ತಡವರಿಸುತ್ತಿದ್ದಾಗ ಬೇಕಾದ ಒಂದೇ ಒಂದು ಪ್ರಶ್ನೆಯನ್ನು ಅವಳು ಹುಡುಕಿಕೊಂಡಿದ್ದಳು. ನಾನು ಮಾತ್ರ ತಲೆಯಾಡಿಸಿ, 'ರಾಂಗ್ ಕ್ವೆಶ್ಚನ್, ಚಾನ್ಸ್ ಹೋಯ್ತು' ಎಂದೆ. ಎದುರು ತಂಡ ಚಪ್ಪಾಳೆ ತಟ್ಟಿತು. ಅವಳ ತಂಡದವರು, 'ನಿನಗ್ಯಾಕೆ ಬೇಕಿತ್ತು, ಸುಮ್ನೆ ಕೂತ್ಕೋಬಾರ್ದಾ' ಎಂದು ಗದರಿದರು. ಅವಳು ಕೂತಳು. ಆ ವರ್ಷವಿಡೀ ನನ್ನ ತರಗತಿಯಲ್ಲಿ ಮತ್ತೆ ಎದ್ದು ನಿಲ್ಲಲಿಲ್ಲ.

ಆ ಕ್ಷಣ ನನಗೆ ಏನೂ ಅನ್ನಿಸಿರಲಿಲ್ಲ ಎಂಬುದನ್ನು ಒಪ್ಪಿಕೊಳ್ಳಬೇಕು. ಬೇಸಿಗೆ ರಜೆಯಲ್ಲಿ ಈ ಆಟದ ಹುಟ್ಟು ಎಲ್ಲಿಯದು ಎಂದು ಸುಮ್ಮನೆ ಕುತೂಹಲದಿಂದ ಹುಡುಕುತ್ತಾ ಹೋದೆ. ಹುಡುಕುತ್ತಾ ಹೋದಂತೆ ನನ್ನ ಆ ನಿಯಮ ಗಂಟಲಲ್ಲಿ ಮುಳ್ಳಿನಂತೆ ಸಿಕ್ಕಿಕೊಂಡಿತು.

ಆಟ ಹುಟ್ಟಿದ್ದು ಶಾಲೆಯಲ್ಲಿ ಅಲ್ಲವೇ ಅಲ್ಲ. ಅದು ಇಂಗ್ಲೆಂಡಿನ ಸಿರಿವಂತರ ಊಟದ ಮೇಜಿನ ಆಟ. 1817ರಿಂದ 1825ರವರೆಗೆ ಲಂಡನ್ನಿನಲ್ಲಿ ಅಮೆರಿಕದ ಪ್ರತಿನಿಧಿಯಾಗಿದ್ದ ರಿಚರ್ಡ್ ರಶ್ ತನ್ನ ನೆನಪುಗಳಲ್ಲಿ ಒಂದು ರಾತ್ರಿಯ ಔತಣವನ್ನು ವರ್ಣಿಸಿದ್ದಾನೆ. ಊಟ ಮುಗಿದ ಮೇಲೆ ಗಣ್ಯರೆಲ್ಲ ಸೇರಿ ಇಪ್ಪತ್ತು ಪ್ರಶ್ನೆಗಳ ಆಟಕ್ಕೆ ಕೂತರು. ಪ್ರಶ್ನೆ ಕೇಳುವ ಪಾಳಿ ವಿದೇಶಾಂಗ ಮಂತ್ರಿ ಜಾರ್ಜ್ ಕ್ಯಾನಿಂಗ್‌ನದು. ಯುರೋಪಿನ ರಾಜಕಾರಣವನ್ನೇ ಬೆರಳ ತುದಿಯಲ್ಲಿ ಆಡಿಸುತ್ತಿದ್ದ ಮನುಷ್ಯ ಒಂದೊಂದೇ ಪ್ರಶ್ನೆ ಹಾಕಿ, ತಲೆ ಕೆಡಿಸಿಕೊಂಡು, ಕೊನೆಗೂ ಹಿಡಿದ. ಅವರು ಮನಸ್ಸಿನಲ್ಲಿ ಇಟ್ಟುಕೊಂಡಿದ್ದದ್ದು ಲಾರ್ಡ್ ಹೈ ಸ್ಟೀವರ್ಡ್ ಎಂಬ ಅಧಿಕಾರಿ ಹಿಡಿಯುವ ಕೋಲು. ನಮ್ಮ ಅರಮನೆಯ ಚೋಪದಾರನ ಕೋಲನ್ನು ನೆನೆದುಕೊಂಡರೆ ಸಾಕು. ಅಷ್ಟು ದೊಡ್ಡ ಮಂತ್ರಿ ಒಂದು ಕೋಲಿಗಾಗಿ ಒದ್ದಾಡಿದ್ದನ್ನು ಓದಿದಾಗ ನಮ್ಮ ಎಂಟನೇ ತರಗತಿ ಕೊಬ್ಬರಿಗಾಗಿ ಒದ್ದಾಡಿದ್ದು ನೆನಪಾಯಿತು.

ಮಧ್ಯಮ ವರ್ಗದ ಮನೆಗಳಲ್ಲೂ ಇದರ ಸೋದರನೊಂದು ಇತ್ತು, 'ಹೌದು ಮತ್ತು ಇಲ್ಲ' ಎಂಬ ಹೆಸರಿನದು. ಚಾರ್ಲ್ಸ್ ಡಿಕನ್ಸ್ 1843ರ ಡಿಸೆಂಬರಿನಲ್ಲಿ ಪ್ರಕಟಿಸಿದ 'ಎ ಕ್ರಿಸ್‌ಮಸ್ ಕ್ಯಾರಲ್' ಕಥೆಯಲ್ಲಿ ಜಿಪುಣ ಸ್ಕ್ರೂಜ್‌ನ ಸೋದರಳಿಯ ಹಬ್ಬದ ರಾತ್ರಿ ನೆಂಟರಿಷ್ಟರನ್ನು ಕೂರಿಸಿಕೊಂಡು ಆಡಿಸುವುದು ಇದೇ ಆಟವನ್ನು. ಅವನು ಮನಸ್ಸಿನಲ್ಲಿಟ್ಟುಕೊಂಡಿರುವುದು ಒಂದು ಪ್ರಾಣಿ. ಅದು ಗುರುಗುಟ್ಟುತ್ತದೆ, ಲಂಡನ್ನಿನಲ್ಲೇ ಇದೆ, ಬೀದಿಯಲ್ಲಿ ಓಡಾಡುತ್ತದೆ, ಆದರೆ ಯಾರೂ ಅದನ್ನು ಹಗ್ಗ ಹಿಡಿದು ನಡೆಸುವುದಿಲ್ಲ. ಕತ್ತೆಯೂ ಅಲ್ಲ, ಹಂದಿಯೂ ಅಲ್ಲ, ಕರಡಿಯೂ ಅಲ್ಲ. ಕೊನೆಗೆ ಒಬ್ಬಾಕೆಗೆ ಹೊಳೆಯುತ್ತದೆ, ಅದು ಸ್ಕ್ರೂಜ್ ಮಾವನೇ. ಮನೆಯವರೆಲ್ಲ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಕರಡಿಯಾ ಎಂದು ಕೇಳಿದಾಗಲೇ ಹೌದು ಅನ್ನಬೇಕಿತ್ತು ಎಂದು ಕೆಲವರು ತಕರಾರು ತೆಗೆಯುತ್ತಾರೆ. ತಕರಾರು ಎದ್ದದ್ದು ಉತ್ತರದ ಸತ್ಯಾಸತ್ಯತೆಯ ಬಗ್ಗೆ. ಪ್ರಶ್ನೆಯ ವ್ಯಾಕರಣ ಅಲ್ಲಿ ಯಾರಿಗೂ ಬೇಕಿರಲಿಲ್ಲ.

ಈ ಆಟದಲ್ಲಿ ಮೊದಲು ಕೇಳುವ ಪ್ರಶ್ನೆ ಪ್ರಾಣಿಯೋ, ಸಸ್ಯವೋ, ಖನಿಜವೋ ಎಂಬುದು. ಇದು ಹಳೆಯ ವಿಂಗಡಣೆ. ಸ್ವೀಡನ್ನಿನ ಲಿನೇಯಸ್ 1735ರಲ್ಲಿ ಪ್ರಕಟಿಸಿದ ತನ್ನ ಪುಸ್ತಕದಲ್ಲಿ ಇಡೀ ಪ್ರಕೃತಿಯನ್ನು ಹೀಗೆಯೇ ಮೂರು ರಾಜ್ಯಗಳಾಗಿ ಹಂಚಿದ್ದ. ವಿಜ್ಞಾನ ಆ ಹಂಚಿಕೆಯನ್ನು ಎಂದೋ ದಾಟಿ ಹೋಯಿತು, ಆಟ ಮಾತ್ರ ಉಳಿಸಿಕೊಂಡಿತು. ಇನ್ನೊಂದು ಲೆಕ್ಕವೂ ಇದೆ. ಪ್ರತಿ ಪ್ರಶ್ನೆಯೂ ಉಳಿದ ಸಾಧ್ಯತೆಗಳನ್ನು ಸರಿಯಾಗಿ ಅರ್ಧಕ್ಕೆ ಸೀಳುವಂತಿದ್ದರೆ 20 ಪ್ರಶ್ನೆಗಳಲ್ಲಿ 10,48,576 ವಸ್ತುಗಳ ನಡುವಿನಿಂದ ಒಂದನ್ನು ಎತ್ತಿಕೊಳ್ಳಬಹುದು. ನಮ್ಮ ಗಣಿತದ ಮೇಷ್ಟ್ರಿಗೆ ಇದನ್ನು ಹೇಳಿದಾಗ ಅವರು ಒಂಬತ್ತನೇ ತರಗತಿಗೆ ಘಾತಾಂಕ ಪಾಠ ಮಾಡಲು ನನ್ನ ಸೀಮೆಸುಣ್ಣದ ಡಬ್ಬಿಯನ್ನೇ ಎತ್ತಿಕೊಂಡು ಹೋದರು.

ಇಪ್ಪತ್ತನೇ ಶತಮಾನದಲ್ಲಿ ಆಟ ರೇಡಿಯೊಗೆ ಬಂತು. 1946ರಲ್ಲಿ ಅಮೆರಿಕದ ಮ್ಯೂಚುಯಲ್ ಜಾಲದಲ್ಲಿ ಫ್ರೆಡ್ ವ್ಯಾನ್ ಡೆವೆಂಟರ್ ಎಂಬ ಸುದ್ದಿವಾಚಕ ತನ್ನ ಮನೆಮಂದಿಯನ್ನೇ ಕೂರಿಸಿಕೊಂಡು ಇದನ್ನು ಆಡಿದ. ಮನೆಯಲ್ಲಿ ಊಟದ ಹೊತ್ತಿಗೆ ಆಡುತ್ತಿದ್ದದ್ದನ್ನೇ ಮೈಕಿನ ಮುಂದೆ ಆಡಿದರು ಅಷ್ಟೆ. ಮರುವರ್ಷ, ನಮಗೆ ಸ್ವಾತಂತ್ರ್ಯ ಬಂದ 1947ರಲ್ಲಿ, ಬಿಬಿಸಿ ತನ್ನ ಆವೃತ್ತಿಯನ್ನು ಶುರುಮಾಡಿ ಮೂರು ದಶಕದ ಹತ್ತಿರ ನಡೆಸಿತು. ಅಲ್ಲೊಂದು ಚಂದದ ಏರ್ಪಾಡಿತ್ತು. ಕೂತು ಆಡುವವರಿಗೆ ಕೇಳಿಸದಂತೆ ಒಂದು ನಿಗೂಢ ದನಿ ಮನೆಯಲ್ಲಿರುವ ಕೇಳುಗರಿಗೆ ಮಾತ್ರ ಉತ್ತರವನ್ನು ಮೊದಲೇ ಪಿಸುಗುಟ್ಟುತ್ತಿತ್ತು. ಹಾಗಾಗಿ ಕೇಳುಗರ ಸುಖ ಬೇರೆಯವರು ಪ್ರಶ್ನೆ ಕಟ್ಟುವುದನ್ನು ಕೇಳುವುದರಲ್ಲಿತ್ತು. ಹತ್ತಿರ ಬಂದರು, ಛೇ, ದೂರ ಹೋದರು ಎಂದು ರೇಡಿಯೊ ಮುಂದೆ ಚಡಪಡಿಸುವುದೇ ಅವರ ಆಟ.

ನಮ್ಮಲ್ಲೂ ಊಹಿಸುವ ಆಟಗಳಿಗೆ ಬರವಿಲ್ಲ. ಮುಷ್ಟಿಯಲ್ಲಿ ಹುಣಸೆಬೀಜ ಹಿಡಿದು ಸರಿಯೋ ಬೆಸವೋ ಎನ್ನುತ್ತೇವೆ, ಮರಳಿನಲ್ಲಿ ಕಡ್ಡಿ ಹುದುಗಿಸಿ ಎಲ್ಲಿದೆ ಹೇಳು ಎನ್ನುತ್ತೇವೆ. ಒಗಟುಗಳಂತೂ ರಾಶಿ ಇವೆ. ಆದರೆ ಒಗಟು ಕೇಳುವವನಿಗೆ ಉತ್ತರ ಗೊತ್ತಿರುತ್ತದೆ, ಗೊತ್ತಿಲ್ಲದವನು ಬಾಯಿಬಿಟ್ಟು ಸೋಲೊಪ್ಪಬೇಕು. ಶಾಲೆಯೂ ಹೀಗೆಯೇ. ಮೇಷ್ಟ್ರು ಗೊತ್ತಿರುವುದನ್ನು ಕೇಳುತ್ತಾರೆ, ಮಕ್ಕಳು ಒಪ್ಪಿಸುತ್ತಾರೆ. ಇಪ್ಪತ್ತು ಪ್ರಶ್ನೆಯ ಆಟದಲ್ಲಿ ಇದು ತಿರುಗಾಮುರುಗಾ. ಗೊತ್ತಿಲ್ಲದವನೇ ಕೇಳುವವನು, ಗೊತ್ತಿರುವವನು ಹೌದು ಇಲ್ಲದಾಚೆ ತುಟಿ ಬಿಚ್ಚುವಂತಿಲ್ಲ. ತರಗತಿಗೆ ಇದು ಬಂದದ್ದು ಎಂಥ ಪಲ್ಲಟವೆಂದು ನನಗೆ ಹೊಳೆಯಬೇಕಾದರೆ ಇಂಗ್ಲಿಷ್ ಕಲಿಸುವವರು ಅದಕ್ಕೂ ಮುಂಚೆ ಎಂಥ ಪ್ರಶ್ನೆ ಕೇಳುತ್ತಿದ್ದರು ಎಂಬುದನ್ನು ನೋಡಬೇಕಾಯಿತು.

ನಾನೂ ನೀವೂ ಕಲಿತ ಇಂಗ್ಲಿಷಿನ ಮೊದಲ ಪ್ರಶ್ನೆ ಯಾವುದು? ಮೇಷ್ಟ್ರು ಪೆನ್ನು ಎತ್ತಿ ಹಿಡಿದು 'ವಾಟ್ ಈಸ್ ದಿಸ್?' ಎಂದದ್ದು. ಅದು ಪೆನ್ನೆಂದು ಮೇಷ್ಟ್ರಿಗೆ ಗೊತ್ತು, ನಮಗೂ ಗೊತ್ತು, ಕಿಟಕಿಯಾಚೆ ನಿಂತ ಮೇಕೆಗೂ ಬಹುಶಃ ಗೊತ್ತು. ಆದರೂ 52 ಮಕ್ಕಳು ಒಕ್ಕೊರಲಿನಿಂದ ಕೂಗುತ್ತಿದ್ದೆವು. ಇದರ ಹಿಂದೆ ದೊಡ್ಡ ಪರಂಪರೆಯೇ ಇದೆ. 1922ರಿಂದ 1936ರವರೆಗೆ ಜಪಾನಿನಲ್ಲಿದ್ದು ಕೆಲಸ ಮಾಡಿದ ಹೆರಾಲ್ಡ್ ಪಾಮರ್, 1925ರಲ್ಲಿ ಟೋಕಿಯೊದಲ್ಲಿ ಪ್ರಕಟಿಸಿದ 'ಇಂಗ್ಲಿಷ್ ಥ್ರೂ ಆ್ಯಕ್ಷನ್ಸ್' ಪುಸ್ತಕದಲ್ಲಿ ಅಪ್ಪಣೆಗಳನ್ನೂ ಪ್ರಶ್ನೋತ್ತರ ಸರಣಿಗಳನ್ನೂ ಮೆಟ್ಟಿಲುಮೆಟ್ಟಿಲಾಗಿ ಜೋಡಿಸಿಕೊಟ್ಟ. ವ್ಯಾಕರಣದ ಸೂತ್ರವನ್ನು ಉರುಹೊಡೆಸುವುದಕ್ಕಿಂತ ಇದು ಎಷ್ಟೋ ಮೇಲು, ಅದರಲ್ಲಿ ಅನುಮಾನವಿಲ್ಲ. 1950ರ ದಶಕದಿಂದ ನಮ್ಮಲ್ಲಿ ಹಬ್ಬಿದ ರಚನಾ ಪದ್ಧತಿಯೂ ಇದೇ ಮನೆತನದ್ದು. ವಾಕ್ಯರಚನೆಗಳನ್ನು ಸುಲಭದಿಂದ ಕಷ್ಟಕ್ಕೆ ಪಟ್ಟಿ ಮಾಡಿ ಒಂದೊಂದನ್ನೇ ಬಾಯಲ್ಲಿ ತಿರುವಿಸುವುದು. ಅದರಲ್ಲಿ ಪಳಗಿದ ಹಳೆಯ ಮೇಷ್ಟ್ರುಗಳ ಶ್ರದ್ಧೆ ನನಗಿಲ್ಲ ಎಂದು ಎಷ್ಟೋ ಸಲ ಅನ್ನಿಸಿದೆ. ಆದರೆ ಆ ಪ್ರಶ್ನೆಗಳಲ್ಲಿ ತಿಳಿಯಬೇಕೆಂಬ ಆಸೆ ಒಂದಿಷ್ಟೂ ಇರುತ್ತಿರಲಿಲ್ಲ.

ಊಹೆಯ ಆಟಗಳು ಭಾಷಾ ಬೋಧನೆಯ ಪುಸ್ತಕಗಳಲ್ಲಿ ಕಾಣಿಸಿಕೊಂಡದ್ದು ಈ ಕೊರತೆಯನ್ನು ತುಂಬಲಿಕ್ಕೆ ಎಂದುಕೊಳ್ಳುತ್ತೇನೆ. ಡಬ್ಲ್ಯು.ಆರ್. ಲೀ 1965ರಲ್ಲಿ ಭಾಷಾ ಬೋಧನೆಯ ಆಟಗಳು ಮತ್ತು ಸ್ಪರ್ಧೆಗಳ ಬಗ್ಗೆಯೇ ಒಂದು ಪುಸ್ತಕ ಬರೆದರು. 1979ರಲ್ಲಿ ಆ್ಯಂಡ್ರೂ ರೈಟ್ ಮತ್ತು ಸಂಗಡಿಗರ 'ಗೇಮ್ಸ್ ಫಾರ್ ಲಾಂಗ್ವೇಜ್ ಲರ್ನಿಂಗ್' ಬಂತು, 1984ರಲ್ಲಿ ಮಾರಿಯೊ ರಿನ್‌ವೊಲುಕ್ರಿಯ 'ಗ್ರಾಮರ್ ಗೇಮ್ಸ್'. ಈ ಕೊನೆಯ ಹೆಸರಿನಲ್ಲೇ ಒಂದು ಜಗಳ ಅಡಗಿದೆ. ಆಡುವವನ ಕಣ್ಣು ಗೆಲುವಿನ ಮೇಲಿರುತ್ತದೆ, ಆಡಿಸುವವನ ಕಣ್ಣು ವ್ಯಾಕರಣದ ಮೇಲೆ. ಎರಡೂ ಒಂದೇ ಗಾಡಿಗೆ ಕಟ್ಟಿದ ಎತ್ತುಗಳಂತೆ ನಡೆದರೆ ಸರಿ. ಒಂದು ಮಲಗಿಬಿಟ್ಟರೆ? ನನ್ನ ತರಗತಿಯಲ್ಲಿ ಮಲಗಿದ್ದು ಆಟ, ಮಲಗಿಸಿದ್ದು ನಾನು.

ಇಲ್ಲಿ ಆ ಹುಡುಗಿಯ ವಾಕ್ಯಕ್ಕೆ ಮರಳಬೇಕು. ಕನ್ನಡದಲ್ಲಿ ಹೌದು ಇಲ್ಲದ ಪ್ರಶ್ನೆ ಮಾಡುವುದು ಎಷ್ಟು ಹಗುರ! ವಾಕ್ಯವನ್ನು ಮುಟ್ಟುವುದೇ ಬೇಡ, ತುದಿಗೊಂದು ಆ, ಏ, ಓ ಅಂಟಿಸಿದರೆ ಮುಗಿಯಿತು. 'ಬಂದ' ಎಂಬುದು 'ಬಂದನಾ?' ಆಗುತ್ತದೆ. ಬೇಕಾದ ಪದಕ್ಕೆ ಅಂಟಿಸಿ ಅನುಮಾನ ಯಾವುದರ ಮೇಲೆ ಎಂದೂ ತೋರಿಸಬಹುದು. 'ಇವತ್ತಾ ಬಂದದ್ದು?', 'ಅವನಾ ಬಂದದ್ದು?' ಇಂಥ ಅನುಕೂಲದಲ್ಲಿ ಬೆಳೆದ ಮಗು ಇಂಗ್ಲಿಷಿಗೆ ಬಂದಾಗ ವಾಕ್ಯವನ್ನು ಹಾಗೇ ಇಟ್ಟು ದನಿಯನ್ನಷ್ಟೇ ಮೇಲೆತ್ತುತ್ತದೆ. ಕೆಲವರು 'ಇಟ್ ಫ್ಲೈಸಾ?' ಎಂದು ನಮ್ಮ ಆಕಾರವನ್ನೇ ಅಂಟಿಸುವುದೂ ಉಂಟು. ಇಂಗ್ಲಿಷಾದರೋ 'ಈಸ್' ಇದ್ದರೆ ಅದನ್ನು ಮುಂದಕ್ಕೆ ತಾ ಎನ್ನುತ್ತದೆ. ಇಲ್ಲದಿದ್ದರೆ ಎಲ್ಲಿಂದಲೋ 'ಡು' ಎಂಬ ಬಾಡಿಗೆ ಆಳನ್ನು ಕರೆ, ಕರ್ತೃವಿಗೆ ತಕ್ಕಂತೆ ಅದಕ್ಕೆ 'ಡಸ್' ಅಂಗಿ ತೊಡಿಸು, ಕ್ರಿಯಾಪದದ ಬಾಲದ 'ಎಸ್' ಕಿತ್ತುಹಾಕು ಎನ್ನುತ್ತದೆ.

ತಮಾಷೆಯೆಂದರೆ ಈ ಬಾಡಿಗೆ ಆಳು ಇಂಗ್ಲಿಷರಿಗೂ ಹುಟ್ಟಿನಿಂದ ಬಂದದ್ದಲ್ಲ. ಚಾಸರ್‌ನ ಕಾಲದಲ್ಲಿ, ಅಂದರೆ ಹದಿನಾಲ್ಕನೇ ಶತಮಾನದಲ್ಲಿ, ಕ್ರಿಯಾಪದವನ್ನೇ ಮುಂದಿಟ್ಟು 'ಕಮ್ಸ್ ಹಿ?' ಎನ್ನುವ ಬಗೆಯಲ್ಲಿ ಕೇಳುತ್ತಿದ್ದರು. ಶೇಕ್ಸ್‌ಪಿಯರ್‌ನಲ್ಲಿ ಹಳೆಯ ರೂಪವೂ ಇದೆ, 'ಡು' ಸೇರಿದ ಹೊಸದೂ ಇದೆ, ಅವನಿಗೆ ಹೇಗೆ ಬೇಕೋ ಹಾಗೆ. 1611ರ ಕಿಂಗ್ ಜೇಮ್ಸ್ ಬೈಬಲಿನಲ್ಲೂ ಹಳೆಯ ರೂಪಗಳು ಸಾಕಷ್ಟಿವೆ. ಆಲ್ವಾರ್ ಎಲೆಗಾರ್ಡ್ ಎಂಬ ಸ್ವೀಡನ್ನಿನ ವಿದ್ವಾಂಸ ಹಳೆಯ ಗ್ರಂಥಗಳ ವಾಕ್ಯಗಳನ್ನು ಒಂದೊಂದಾಗಿ ಎಣಿಸಿ, 'ಡು' ಹೇಗೆ ಮೆಲ್ಲಮೆಲ್ಲಗೆ ಒಳನುಗ್ಗಿತೆಂದು 1953ರಲ್ಲಿ ಪುಸ್ತಕ ಮಾಡಿದ. ಒಳನುಗ್ಗಿ ತಳವೂರಲು ಅದಕ್ಕೆ ಸುಮಾರು 300 ವರ್ಷ ಬೇಕಾಯಿತು. ಒಂದು ಇಡೀ ದೇಶ ಮುನ್ನೂರು ವರ್ಷ ತೆಗೆದುಕೊಂಡು ಕಲಿತದ್ದಕ್ಕೆ ನಾನು ತಿಪಟೂರು ಸೀಮೆಯ ಹುಡುಗಿಗೆ ಅರ್ಧ ನಿಮಿಷ ಕೊಟ್ಟಿದ್ದೆ.

ಇದೆಲ್ಲ ಓದಿದ್ದು ಬೇರೆಬೇರೆ ಕಡೆ. ನನ್ನನ್ನು ನಿಜಕ್ಕೂ ಅಲ್ಲಾಡಿಸಿದ ಪುಸ್ತಕ ಸಿಕ್ಕಿದ್ದು ಬೆಂಗಳೂರಿನಲ್ಲೇ, ಜ್ಞಾನಭಾರತಿ ಆವರಣದಲ್ಲಿರುವ ದಕ್ಷಿಣ ಭಾರತದ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯ ಲೈಬ್ರರಿಯಲ್ಲಿ. 1963ರಲ್ಲಿ ಶುರುವಾದ ಈ ಸಂಸ್ಥೆಗೆ ದಕ್ಷಿಣದ ರಾಜ್ಯಗಳ ಮೇಷ್ಟ್ರುಗಳು ತರಬೇತಿಗೆ ಬರುತ್ತಾರೆ. ಪುಸ್ತಕದ ಹೆಸರು 'ಸೆಕೆಂಡ್ ಲಾಂಗ್ವೇಜ್ ಪೆಡಗಾಜಿ', ಬರೆದವರು ಎನ್.ಎಸ್. ಪ್ರಭು, ಪ್ರಕಟವಾದದ್ದು 1987ರಲ್ಲಿ. ಮದ್ರಾಸಿನ ಬ್ರಿಟಿಷ್ ಕೌನ್ಸಿಲಿನಲ್ಲಿದ್ದ ಪ್ರಭು 1979ರಿಂದ 1984ರವರೆಗೆ ಈ ಸಂಸ್ಥೆಯ ನೆರವಿನೊಂದಿಗೆ ಬೆಂಗಳೂರು, ಮದ್ರಾಸು ಮತ್ತಿತರ ಊರುಗಳ ಕೆಲವು ಶಾಲೆಗಳಲ್ಲಿ ಒಂದು ಪ್ರಯೋಗ ನಡೆಸಿದರು. ಲೋಕದ ಇಂಗ್ಲಿಷ್ ಬೋಧಕರ ನಡುವೆ ಅದಕ್ಕೆ ಇವತ್ತಿಗೂ ಬೆಂಗಳೂರು ಪ್ರಾಜೆಕ್ಟ್ ಎಂದೇ ಹೆಸರು. ನಮ್ಮೂರಿನ ಹೆಸರಿನಲ್ಲಿ ಹೊರದೇಶದ ಪಠ್ಯಗಳಲ್ಲಿ ಪಾಠವಾಗುವ ಸಂಗತಿಯೊಂದು ನಮ್ಮ ಬಹಳಷ್ಟು ಮೇಷ್ಟ್ರುಗಳಿಗೆ ಗೊತ್ತಿಲ್ಲ. ನನಗೂ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಪ್ರಭು ಅವರ ವಾದ ಆ ಕಾಲಕ್ಕೆ ಧೈರ್ಯದ್ದು. ಮನಸ್ಸು ಅರ್ಥದ ಹಿಂದೆ ಬಿದ್ದಾಗಲೇ ವ್ಯಾಕರಣ ಒಳಗೆ ಇಳಿಯುತ್ತದೆ, ಆದ್ದರಿಂದ ವ್ಯಾಕರಣದ ಪಟ್ಟಿಯನ್ನು ಪಕ್ಕಕ್ಕಿಟ್ಟು ಮಕ್ಕಳಿಗೆ ತಲೆ ಓಡಿಸುವ ಕೆಲಸ ಕೊಡಿ ಎಂದರು. ರೈಲಿನ ವೇಳಾಪಟ್ಟಿ, ಊರಿನ ನಕ್ಷೆ, ಶಾಲೆಯ ಟೈಮ್‌ಟೇಬಲ್, ತಿಂಗಳ ಕ್ಯಾಲೆಂಡರ್, ಹಣದ ಲೆಕ್ಕ, ಇವೇ ಪಾಠಗಳು. ಕೆಲಸಗಳನ್ನು ಅವರು ಮೂರು ಬಗೆ ಮಾಡಿದರು. ಒಬ್ಬನಿಗೆ ಗೊತ್ತಿರುವುದು ಇನ್ನೊಬ್ಬನಿಗೆ ಗೊತ್ತಿಲ್ಲದ ಮಾಹಿತಿಯ ಅಂತರ, ಗೊತ್ತಿರುವುದರಿಂದ ಗೊತ್ತಿಲ್ಲದ್ದನ್ನು ತೆಗೆಯುವ ತರ್ಕದ ಅಂತರ, ತಮ್ಮತಮ್ಮ ಅನಿಸಿಕೆ ಹೇಳುವ ಅಭಿಪ್ರಾಯದ ಅಂತರ. ಅವರಿಗೆ ಹೆಚ್ಚು ಹಿಡಿಸಿದ್ದು ಎರಡನೆಯದು. ಓದುತ್ತಾ ಅಟ್ಟ ನೆನಪಾಯಿತು. ಕಾಯಿಯಲ್ಲ, ಮರದ್ದು, ಬಿಳಿ, ಹಾಗಾದರೆ ಅಟ್ಟದಲ್ಲಿಡುವುದೇ ಇರಬೇಕು. ಪ್ರಭು ಬೇಕೆಂದ ತರ್ಕ ಇದೇ ತಾನೆ?

ತಪ್ಪು ತಿದ್ದುವ ಬಗ್ಗೆಯೂ ಅವರಲ್ಲೊಂದು ವಿವೇಕವಿದೆ. ತಪ್ಪು ಬಂದಾಗ ಅಲ್ಲಿಂದಲ್ಲಿಗೆ ಸರಿಯಾದ ರೂಪ ಕೊಟ್ಟು ಮುಂದೆ ಹೋಗಿ, ಕೆಲಸ ನಿಲ್ಲಿಸಿ ಆ ತಪ್ಪಿನ ಸುತ್ತ ಪಾಠ ಕಟ್ಟಬೇಡಿ ಎನ್ನುತ್ತಾರೆ. ಮನೆಯಲ್ಲಿ ಮಗು ತೊದಲಿದಾಗ ಅಜ್ಜಿ ಮಾಡುವುದೂ ಅಷ್ಟೇ.

ಪ್ರಯೋಗ ಮುಗಿಯುವ ಹೊತ್ತಿಗೆ, 1984ರಲ್ಲಿ, ಆ್ಯಲನ್ ಬೆರೆಟಾ ಮತ್ತು ಆ್ಯಲನ್ ಡೇವಿಸ್ ಮಕ್ಕಳನ್ನು ಪರೀಕ್ಷಿಸಿದರು. ರಚನಾ ಪದ್ಧತಿಯ ಪರೀಕ್ಷೆಯಲ್ಲಿ ರಚನಾ ಪದ್ಧತಿಯವರು ಮೇಲು, ಕೆಲಸ ಮಾಡಿಸುವ ಪರೀಕ್ಷೆಯಲ್ಲಿ ಪ್ರಯೋಗದ ಮಕ್ಕಳು ಮೇಲು, ಎರಡೂ ಕಡೆ ಸಲ್ಲದ ಪರೀಕ್ಷೆಗಳಲ್ಲಿ ಪ್ರಯೋಗದ ಮಕ್ಕಳದೇ ಮೇಲುಗೈ. ಪೂರ್ತಿ ಗೆಲುವಲ್ಲ, ಸೋಲಂತೂ ಅಲ್ಲ. ಪ್ರಭು ಜೊತೆ ನನಗೊಂದು ತಕರಾರಿದೆ. ಮಕ್ಕಳನ್ನು ಗುಂಪು ಮಾಡಿ ಬಿಟ್ಟರೆ ತಮ್ಮತಮ್ಮಲ್ಲೇ ಅರೆಬರೆ ಇಂಗ್ಲಿಷ್ ಗಟ್ಟಿ ಮಾಡಿಕೊಳ್ಳುತ್ತಾರೆ ಎಂಬ ಅಳುಕಿನಿಂದ ಅವರು ಗುಂಪು ಚಟುವಟಿಕೆಯನ್ನು ದೂರವಿಟ್ಟರು. ಅಲ್ಲಿಯೂ ಹೆಚ್ಚಿಗೆ ಕೇಳುವವರು ಮೇಷ್ಟ್ರೇ, ಹೇಳುವವರು ಮಕ್ಕಳೇ. ಕೇಳುವ ಬಾಯಿ ಮಾತ್ರ ಯಾವ ಕ್ರಾಂತಿಯಲ್ಲೂ ಸುಲಭಕ್ಕೆ ಬದಲಾಗುವುದಿಲ್ಲವೇನೋ.

ಮುಂದಿನ ವರ್ಷ ಅದೇ ಮಕ್ಕಳು ಒಂಬತ್ತಕ್ಕೆ ಬಂದರು. ನಾನು ಡಬ್ಬಿಯನ್ನು ಮತ್ತೆ ತೆಗೆದೆ, ನಿಯಮವನ್ನು ಹರಿದು ಹಾಕಿದೆ. ಈಗ ತಂಡ ತಂಡಗಳ ಜಗಳವಿಲ್ಲ. ಚೀಟಿ ಹಿಡಿದವರು ಒಬ್ಬರು, ಉಳಿದ ಇಡೀ ತರಗತಿ ಒಂದು ಕಡೆ. ಪ್ರಶ್ನೆ ಹೇಗಿದ್ದರೂ, ನಡುವೆ ಕನ್ನಡ ಪದವಿದ್ದರೂ, ಅರ್ಥವಾದರೆ ಉತ್ತರ ಸಿಗುತ್ತದೆ. ಚೀಟಿ ಹಿಡಿದವರು ಬರೀ 'ಎಸ್', 'ನೋ' ಎನ್ನುವಂತಿಲ್ಲ, 'ಎಸ್, ಇಟ್ ಡಸ್', 'ನೋ, ಇಟ್ ಈಸಂಟ್' ಎಂದು ಪೂರ್ತಿ ಹೇಳಬೇಕು. ಅಷ್ಟರಲ್ಲಿ ನಾನು ಕೇಳಿದ ಪ್ರಶ್ನೆಯನ್ನು ಸರಿಯಾದ ರೂಪದಲ್ಲಿ, ಮಾತಿಲ್ಲದೆ, ಬೋರ್ಡಿನ ಮೇಲೆ ಬರೆಯುತ್ತಾ ಹೋಗುವುದು. ಆಟ ಮುಗಿದಾಗ ಬೋರ್ಡಿನ ತುಂಬ ಮಕ್ಕಳದೇ ಪ್ರಶ್ನೆಗಳು, ಇಸ್ತ್ರಿ ಮಾಡಿಸಿದ ಅಂಗಿ ತೊಟ್ಟಂತೆ.

ಚಮತ್ಕಾರವೇನೂ ನಡೆಯಲಿಲ್ಲ. 'ಡಸ್ ಇಟ್ ಲಿವ್ಸ್' ಎಂಬುದು ವರ್ಷದ ಕೊನೆಯವರೆಗೂ ಅಲ್ಲಲ್ಲಿ ತಲೆ ಎತ್ತುತ್ತಲೇ ಇತ್ತು. ಗೆರೆ ಎಳೆದ ಪದ ಉತ್ತರವಾಗುವಂತೆ ಪ್ರಶ್ನೆ ರಚಿಸಿ ಎಂದು ಪರೀಕ್ಷೆಯಲ್ಲಿ ಕೇಳುವುದಕ್ಕೆ ಈ ಆಟ ಸಾಲದು, ಅಲ್ಲಿ ಏಕೆ, ಎಲ್ಲಿ, ಯಾವಾಗಗಳು ಬೇಕು. ಭೂತಕಾಲಕ್ಕಾಗಿ ಆಟವನ್ನು ಸ್ವಲ್ಪ ತಿರುಚಿ, ಮೇಷ್ಟ್ರು ನಿನ್ನೆ ಸಂಜೆ ಏನು ಮಾಡಿದರು ಎಂದು ಊಹಿಸಲು ಬಿಟ್ಟೆ. 'ಡಿಡ್ ಯು ಫೈಟ್ ವಿತ್ ಮೇಡಂ?' ಎಂಬುದು ನಾಲ್ಕನೇ ಪ್ರಶ್ನೆಗೇ ಬಂತು. ರಚನೆ ಅಚ್ಚುಕಟ್ಟಾಗಿತ್ತು, ಏನೂ ಅನ್ನುವಂತಿರಲಿಲ್ಲ.

ಆ ಹುಡುಗಿಯನ್ನು ಪ್ರಶ್ನೆ ಕೇಳು ಎಂದು ಒತ್ತಾಯಿಸಲು ನನಗೆ ಮುಖವಿರಲಿಲ್ಲ. ಚೀಟಿ ಹಿಡಿಯುವ ಸರದಿ ಹಾಜರಿ ಪಟ್ಟಿಯ ಪ್ರಕಾರ ಅವಳದೂ ಬಂತು. ಅವಳು ಬರೆದದ್ದು ಎಮ್ಮೆ. ಬೋರ್ಡಿನ ಪಕ್ಕ ನಿಂತು, ಪ್ರಶ್ನೆ ಬಂದಾಗಲೆಲ್ಲ ಮೊದಲು ಕನ್ನಡದಲ್ಲಿ ತುಟಿ ಅಲ್ಲಾಡಿಸಿ ಆಮೇಲೆ ಇಂಗ್ಲಿಷ್ ಹೇಳುತ್ತಿದ್ದಳು. 'ಈಸ್ ಇಟ್ ಎ ಬರ್ಡ್?' ಎಂದರು. 'ಅಲ್ಲ... ನೋ, ಇಟ್ ಈಸಂಟ್.' 'ಇಟ್ ಈಟ್ಸ್ ಮೀಟ್?' ಎಂದರು. 'ಇಲ್ಲ... ನೋ, ಇಟ್ ಡಸಂಟ್.' 'ಈಸ್ ಇಟ್ ಸ್ಮಾಲ್?' 'ಅಲ್ಲ... ಈಸಂಟ್.' ನಾನು ಬರೆಯುತ್ತಿದ್ದೆ. ಅವಳು ತಟ್ಟನೆ ನನ್ನ ಕಡೆ ತಿರುಗಿದಳು.

'ಸಾರ್, ಒಂದ್ ಕೇಳ್ಲಾ?'

'ಕೇಳಮ್ಮ.'

'ನಾವು ಅಲ್ಲ ಅನ್ನೋ ಕಡೆ ಅವ್ರು ಈಸ್ ಅಂತಾರೆ. ಇಲ್ಲ ಅನ್ನೋ ಕಡೆ ಡಸ್. ಅಲ್ವಾ ಸಾರ್?'

ಹತ್ತು ವರ್ಷ ಪಾಠ ಮಾಡಿದ್ದೆ, ಈ ಮಾತು ನನಗೆ ಹೊಳೆದಿರಲಿಲ್ಲ. ಇಂಗ್ಲಿಷಿನ ಒಂದು 'ನೋ'ಗೆ ನಮ್ಮಲ್ಲಿ ಎರಡು ಪದವಿದೆ. ಅದು ಇಂಥದ್ದೇ ಎಂಬುದನ್ನು ಅಲ್ಲಗಳೆಯಲು 'ಅಲ್ಲ', ಕೆಲಸ ನಡೆಯದ್ದಕ್ಕೆ 'ಇಲ್ಲ'. ಯಾವ ಇಂಗ್ಲಿಷ್ ವ್ಯಾಕರಣದ ಸೂತ್ರಕ್ಕಿಂತ ಇದು ನಮ್ಮ ಮಕ್ಕಳ ನಾಲಿಗೆಗೆ ಹತ್ತಿರ. ನಾನು ಹೌದೆನ್ನುವಷ್ಟರಲ್ಲಿ ಹಿಂದಿನ ಬೆಂಚಿನ ಹುಡುಗನೊಬ್ಬ, 'ಈಸ್ ಇಟ್ ಇನ್ ದ ಕ್ಲಾಸ್?' ಎಂದು ಕೂಗಿದ. ಅವಳ ತುಟಿ 'ಇಲ್ಲ' ಎಂದಿತು, ಅಲ್ಲಿಗೇ ನಿಂತಿತು. 'ಇದಕ್ಕೆ ನಾವು ಇಲ್ಲ ಅಂತೀವಿ ಸಾರ್. ಈಸಂಟೇ ಬರ್ಬೇಕಲ್ಲ?' ಅವಳ ಸೂತ್ರಕ್ಕೆ ಅವಳೇ ಅಪವಾದ ಹುಡುಕಿಬಿಟ್ಟಿದ್ದಳು. ನಾಳೆ ಹೇಳುತ್ತೇನೆ ಎಂದೆ. ಎಮ್ಮೆಯನ್ನು 17ನೇ ಪ್ರಶ್ನೆಗೆ ಹಿಡಿದರು.

ಆ ರಾತ್ರಿ ಕೂತು ಪಟ್ಟಿ ಮಾಡಿದೆ. ನಾವು 'ಅದು ಎಮ್ಮೆ' ಎನ್ನಲು ಕ್ರಿಯಾಪದವನ್ನೇ ಬಳಸುವುದಿಲ್ಲ, 'ಕೊಟ್ಟಿಗೆಯಲ್ಲಿದೆ' ಎನ್ನಲು 'ಇರು' ಬೇಕು. ಇಂಗ್ಲಿಷ್ ಎರಡಕ್ಕೂ ಒಂದೇ 'ಈಸ್' ಹಾಕುತ್ತದೆ, ಹಾಗಾಗಿ 'ಇದೆಯಾ' ಎಂಬ ಪ್ರಶ್ನೆಗಳೆಲ್ಲ ಸೂತ್ರದಾಚೆ. 'ಬರುತ್ತಿದೆಯಾ' ಎಂಬ ಬಗೆಯವೂ ಆಚೆ. ಹುಡುಕುತ್ತಾ ಹೋದಾಗ ಇನ್ನೊಂದು ಸಿಕ್ಕಿತು. 'ಅಟ್ಟದಲ್ಲಿ ಇಡ್ತಾರಾ?' ಎಂದರೆ ನಮ್ಮ ಉತ್ತರ 'ಇಲ್ಲ', ಇಂಗ್ಲಿಷಿನದು 'ಈಸಂಟ್'. ಹಿಂದಿನ ವರ್ಷ ಅವಳು ಕೇಳಿದ ಪ್ರಶ್ನೆ ಆ ದಿನ ಬಂದ ಪ್ರಶ್ನೆಗಳಲ್ಲೇ ಎಲ್ಲಕ್ಕಿಂತ ಕಷ್ಟದ್ದಾಗಿತ್ತು.

ಬೆಳಿಗ್ಗೆ ಅಪವಾದಗಳನ್ನು ಬೋರ್ಡಿನ ಮೇಲೆ ಬರೆದೆ. ಕೊನೆಯ ಸಾಲಿನಲ್ಲಿ 'ಈಸ್ ಇಟ್ ಕೆಪ್ಟ್ ಇನ್ ದ ಲಾಫ್ಟ್?' ಎಂದು ಬರೆದು, ಇದು ಹೋದ ವರ್ಷ ಇದೇ ತರಗತಿಯವರೊಬ್ಬರು ಕೇಳಿದ ಪ್ರಶ್ನೆ, ಉತ್ತರ ಕೊಡುವುದು ಬಾಕಿಯಿತ್ತು, 'ಎಸ್, ಇಟ್ ಈಸ್' ಎಂದೆ. ಅದಕ್ಕಿಂತ ಹೆಚ್ಚು ಹೇಳಲು ನನಗೆ ಬಾಯಿ ಬರಲಿಲ್ಲ. ಮಕ್ಕಳು ಬಗ್ಗಿ ಬರೆದುಕೊಳ್ಳುತ್ತಿದ್ದರು. ಅವಳು ಬೋರ್ಡನ್ನೇ ಸ್ವಲ್ಪ ಹೊತ್ತು ನೋಡಿದಳು.

'ಸಾರ್, ಅಟ್ಟಕ್ಕೆ ಲಾಫ್ಟ್ ಅಂತಾರಾ?'

'ಹೌದಮ್ಮ.'

ಅವಳು ನೋಟ್‌ಬುಕ್ಕಿನ ಅಂಚಿನಲ್ಲಿ ಬರೆದುಕೊಂಡಳು.